ನರ್ಸಿಂಗ್ ಸೀಟು ಯಾರದು?

(ನರ್ಸಿಂಗ್ ಪದವಿ ಪ್ರವೇಶಾತಿಯ ಕುರಿತು ಕಾಲೇಜು ಆಡಳಿತಗಾರರು, ಉಪನ್ಯಾಸಕರು ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪಿಯುಸಿ ಫಲಿತಾಂಶ ಪ್ರಕಟವಾದ ವಾರದಿಂದ ಮೊದಲ್ಗೊಂಡು ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. 'ಮೆಡಿಕಲ್ ಸಿಗಲಿಲ್ಲ, ಡೆಂಟಲ್‌ಗೆ ಹಣವಿಲ್ಲ, ಆಯುರ್ವೇದಕ್ಕೂ ರ‍್ಯಾಂಕ್ ಸಾಲದು. ನರ್ಸಿಂಗ್ ಆದರೂ ಮಾಡಲಿ.' ಈ ವಾಕ್ಯದಲ್ಲಿರುವ 'ಆದರೂ' ಎಂಬ ಪದವನ್ನು ದಯವಿಟ್ಟು ಗಮನಿಸಿರಿ. ನರ್ಸಿಂಗ್ ಪದವಿಗೆ ಅಭ್ಯರ್ಥಿಗಳ ಆಯ್ಕೆಯು ವಾಸ್ತವದಲ್ಲಿ ಆರಂಭವಾಗುವುದು ಅಲ್ಲಿಂದಲೇ. ಕಾಲೇಜು ಆರಿಸುವ ಮುನ್ನ ಮನೆ ಆರಿಸಿರುತ್ತದೆ, ಬೇರೆಲ್ಲೂ ಸಲ್ಲದವರನ್ನು. ಬಳಿಕ ಏಜೆಂಟನು ಆರಿಸುತ್ತಾನೆ, ಹಣ ಹೊಂದಿಸಬಲ್ಲವರನ್ನು. ಕಾಲೇಜಿನ ಸರದಿ ಬರುವಾಗ ಅರ್ಜಿಗಳನ್ನು ಎಣಿಸಿ ರಶೀದಿ ಬರೆಯುವ ಕೆಲಸ ಮಾತ್ರ ಉಳಿದಿರುತ್ತದೆ.

ಸಂಘಟಕರು ನಮಗೆ ಕೊಟ್ಟ ವಿಷಯ, ಬಿ.ಎಸ್ಸಿ. ನರ್ಸಿಂಗ್‌ಗೆ ಅಭ್ಯರ್ಥಿಗಳ ಆಯ್ಕೆ ಹೇಗಿರಬೇಕು ಎಂಬುದು. ನಾವು ವೈದ್ಯರಲ್ಲ, ನರ್ಸೂ ಅಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಕಲಾ ಪದವಿ ಪಡೆದು ಪತ್ರಿಕಾ ವೃತ್ತಿಗೆ ಬಂದವರು. ಕಲಾ ವಿಭಾಗದಲ್ಲಿ ಓದಿದವರಿಗೆ ಜಿಎನ್‌ಎಂ ಡಿಪ್ಲೊಮಾದ ಬಾಗಿಲು ತೆರೆದಿದೆ, ಪದವಿಯ ಬಾಗಿಲು ಮುಚ್ಚಿದೆ ಎಂಬುದು ತಮಗೆ ತಿಳಿದಿದೆ. ಆದ್ದರಿಂದ ನಾವು ಇಲ್ಲಿ ಮಾತನಾಡುತ್ತಿರುವುದು ಎಂದಾದರೊಂದು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಲಿರುವವರ ನೆಲೆಯಿಂದ. ಪ್ರವೇಶಾತಿ ಕೊಠಡಿಯಲ್ಲಿ ಆಡಳಿತ ಮಂಡಳಿಯವರಿರುತ್ತಾರೆ, ಪ್ರಾಂಶುಪಾಲರಿರುತ್ತಾರೆ, ಹೆತ್ತವರಿರುತ್ತಾರೆ, ಹಲವೆಡೆ ಏಜೆಂಟನೂ ಇರುತ್ತಾನೆ. ನಾಲ್ಕು ವರ್ಷಗಳ ಬಳಿಕ ಆ ವಿದ್ಯಾರ್ಥಿನಿಯ ಕೈಗೆ ತನ್ನ ಜೀವವನ್ನು ಒಪ್ಪಿಸಲಿರುವ ರೋಗಿ ಮಾತ್ರ ಅಲ್ಲಿರುವುದಿಲ್ಲ. ಅವನ ಪರವಾಗಿ ಅಲ್ಲಿ ಕುಳಿತಿರುವವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಮೊದಲು ನಿಯಮವನ್ನು ನೋಡೋಣ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಜಾರಿಗೆ ತಂದ ಪರಿಷ್ಕೃತ ನಿಯಮಾವಳಿಯ ಪ್ರಕಾರ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರ್‌ಗಳ ಪದವಿ. ಅಭ್ಯರ್ಥಿಗೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 45 ಅಂಕಗಳಿರಬೇಕು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಅಂಕದಲ್ಲಿ ರಿಯಾಯಿತಿಯಿದೆ. ವಿವಾಹಿತರಿಗೂ ಅವಕಾಶವಿದೆ, ಮದುವೆಯೊಂದಿಗೆ ಹೆಣ್ಣಿನ ಓದು ಮುಗಿಯಿತೆಂದು ಭಾವಿಸುವ ಕುಟುಂಬಗಳು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಇಷ್ಟು ಅರ್ಹತೆಯ ವಿಚಾರವಾಯಿತು. ಆಯ್ಕೆಯ ಬಗ್ಗೆ ಅದೇ ನಿಯಮಾವಳಿಯು ಪ್ರವೇಶ ಪರೀಕ್ಷೆಯೊಂದನ್ನು ಸೂಚಿಸುತ್ತದೆ. ಅದರಲ್ಲಿ ಐದು ಭಾಗಗಳು, ತಲಾ 20 ಅಂಕಗಳು. ಮೂರು ವಿಜ್ಞಾನಗಳು, ಒಂದು ಇಂಗ್ಲಿಷ್, ಮತ್ತೊಂದು 'ನರ್ಸಿಂಗ್ ಅಭಿಕ್ಷಮತೆ'. ಅಂದರೆ ಈ ವೃತ್ತಿಗೆ ಬೇಕಾದ ಒಲವು ಮತ್ತು ಮನೋಧರ್ಮ ಅಭ್ಯರ್ಥಿಯಲ್ಲಿದೆಯೇ ಎಂದು ಪರೀಕ್ಷಿಸುವ ಭಾಗ.

ನಮ್ಮ ರಾಜ್ಯದಲ್ಲಿ ಏನು ನಡೆಯುತ್ತಿದೆ? ಇತ್ತೀಚಿನ ವರ್ಷಗಳಲ್ಲಿ ಸರಕಾರಿ ಪಾಲಿನ ನರ್ಸಿಂಗ್ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿಯ ಆಧಾರದಲ್ಲಿ ಹಂಚುತ್ತಿದೆ. ಇದು ಸ್ವಾಗತಾರ್ಹ. ಯಾರ ಶಿಫಾರಸೂ ಇಲ್ಲದ ಕೂಲಿ ಕಾರ್ಮಿಕನ ಮಗಳಿಗೂ ಅಲ್ಲಿ ಒಂದು ರ‍್ಯಾಂಕ್ ಸಿಗುತ್ತದೆ, ಆ ರ‍್ಯಾಂಕನ್ನು ಯಾರೂ ಕಸಿಯಲಾಗದು. ಆದರೆ ಸಿಇಟಿಯಲ್ಲಿರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ. ತಲಾ 60 ಅಂಕಗಳು. ಎಂಜಿನಿಯರಿಂಗ್ ಮತ್ತಿತರ ವೃತ್ತಿ ಶಿಕ್ಷಣಗಳಿಗೆಂದು ರೂಪುಗೊಂಡ ಪರೀಕ್ಷೆಯದು. ಅದರಲ್ಲಿ ಇಂಗ್ಲಿಷ್ ಇಲ್ಲ, ಅಭಿಕ್ಷಮತೆಯೂ ಇಲ್ಲ. ಕೇರಳದಲ್ಲಿ ಎಲ್‌ಬಿಎಸ್ ಕೇಂದ್ರವು ಹನ್ನೆರಡನೇ ತರಗತಿಯ ಅಂಕಗಳ ಮೇಲೆ ಸೀಟು ಹಂಚುತ್ತಾ ಬಂದಿದೆ. ಹೀಗೆ ನಿಯಮಾವಳಿಯು ನರ್ಸಿಂಗ್‌ಗೆಂದೇ ಮೀಸಲಿಟ್ಟ ಆ 20 ಅಂಕಗಳು ರಾಜ್ಯಗಳಿಗೆ ಬರುವ ದಾರಿಯಲ್ಲಿ ಎಲ್ಲೋ ಕಳೆದುಹೋಗಿವೆ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ದೇಶಾದ್ಯಂತ ಏಕರೂಪದ ಪ್ರವೇಶ ವ್ಯವಸ್ಥೆ ರೂಪಿಸುವುದು ಆ ಆಯೋಗದ ಹೊಣೆಗಳಲ್ಲಿ ಒಂದು. ಏಕರೂಪವೆಂದರೆ ಇನ್ನೊಂದು ಬಹು ಆಯ್ಕೆಯ ಪ್ರಶ್ನೆಪತ್ರಿಕೆ ಎಂದಾಗಿಬಿಟ್ಟರೆ ಈ ಕೊರತೆಯೂ ಏಕರೂಪವಾಗುವುದಷ್ಟೇ.

ಇಲ್ಲಿ ಒಂದು ತಪ್ಪು ಗ್ರಹಿಕೆಗೆ ಎಡೆಯಾಗಬಾರದು. 'ನರ್ಸ್‌ಗೆ ಬೇಕಾದುದು ಕರುಣೆ, ಅಂಕಗಳೇಕೆ?' ಎಂದು ಕೇಳುವವರಿದ್ದಾರೆ. ಅತ್ಯಂತ ಅಪಾಯಕಾರಿ ಮಾತದು. ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಪ್ರಮಾಣಗಳಲ್ಲಿ ಸಿಗುತ್ತದೆ. ಒಂದರಲ್ಲಿ ಪ್ರತಿ ಮಿಲಿಲೀಟರ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಎರಡಕ್ಕೂ ಬೇರೆ ಬೇರೆ ಸಿರಿಂಜ್‌ಗಳಿವೆ. ವೈದ್ಯರು 20 ಯೂನಿಟ್ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. 100 ಯೂನಿಟ್‌ನ ಬಾಟಲಿಯಿಂದ 40 ಯೂನಿಟ್‌ನ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ದೇಹ ಸೇರುವುದು 50 ಯೂನಿಟ್. ಎರಡೂವರೆ ಪಟ್ಟು! ರಕ್ತದ ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು, ಬೆಳಗಾಗುವಾಗ ಇಲ್ಲವಾಗಲೂಬಹುದು. ಆ ನರ್ಸ್‌ನ ಕಣ್ಣಲ್ಲಿ ಎಷ್ಟೇ ಕರುಣೆಯಿದ್ದರೂ ಅದು ಅಲ್ಲಿ ಉಪಯೋಗಕ್ಕೆ ಬಾರದು. ಪೊಟ್ಯಾಸಿಯಂ ಕ್ಲೋರೈಡನ್ನು ದ್ರಾವಣದಲ್ಲಿ ಬೆರೆಸಿ ನಿಧಾನವಾಗಿ ಹರಿಸುವ ಬದಲು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಆದುದರಿಂದ ಶೇ. 45 ಎಂಬ ಗೆರೆಯನ್ನು ತಗ್ಗಿಸಲು ಒತ್ತಡ ಹೇರುವವರು ಸಮುದಾಯದ ಹಿತೈಷಿಗಳಲ್ಲ. ಹಿಂದುಳಿದ ಹಿನ್ನೆಲೆಯ ಮಗುವಿಗೆ ಬೇಕಾದುದು ಗೆರೆ ಮುಟ್ಟಲು ನೆರವು, ಮತ್ತು ಒಳಗೆ ಬಂದ ಬಳಿಕ ಮೊದಲ ಸೆಮಿಸ್ಟರ್‌ನಲ್ಲಿ ಲೆಕ್ಕ ಹಾಗೂ ಇಂಗ್ಲಿಷಿನ ಹೆಚ್ಚುವರಿ ತರಗತಿ.

ಇಂಗ್ಲಿಷಿನ ಬಗ್ಗೆಯೂ ಒಂದು ಮಾತು. ಔಷಧಿ ಚೀಟಿ, ಕೇಸ್ ಶೀಟ್, ಪಠ್ಯಪುಸ್ತಕ ಎಲ್ಲವೂ ಇಂಗ್ಲಿಷಿನಲ್ಲಿವೆ. ಮಿಲಿಗ್ರಾಮಿಗೂ ಮೈಕ್ರೋಗ್ರಾಮಿಗೂ ಸಾವಿರ ಪಟ್ಟಿನ ಅಂತರವಿದೆ. ಅದನ್ನು ಓದಲಾಗದವರು ವಾರ್ಡಿನಲ್ಲಿರಬಾರದು, ಒಪ್ಪೋಣ. ಆದರೆ ರೋಗಿ ಯಾವ ಭಾಷೆಯಲ್ಲಿ ನರಳುತ್ತಾನೆ? ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಉರ್ದುವಿನಲ್ಲಿ, ಕೊಂಕಣಿಯಲ್ಲಿ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಹೊರ ರಾಜ್ಯಗಳ, ವಿಶೇಷತಃ ಕೇರಳದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರು ಬರಲಿ, ಅವರ ಶ್ರಮದಿಂದಲೇ ಎಷ್ಟೋ ಆಸ್ಪತ್ರೆಗಳು ನಡೆಯುತ್ತಿವೆ. ಆದರೆ 'ಎದೆ ಉರಿ' ಎಂಬುದಕ್ಕೂ 'ಎದೆ ಹಿಡಿದಂತಾಗಿದೆ' ಎಂಬುದಕ್ಕೂ ಇರುವ ವ್ಯತ್ಯಾಸ ತಿಳಿಯದ ವಿದ್ಯಾರ್ಥಿಯನ್ನು ಒಂದು ವಾರವೂ ಕನ್ನಡ ಕಲಿಸದೆ ವಾರ್ಡಿಗೆ ಕಳುಹಿಸುವುದು ರೋಗಿಗೂ ಆ ವಿದ್ಯಾರ್ಥಿಗೂ ಮಾಡುವ ಅನ್ಯಾಯ.

ಇನ್ನು ಅಂಕಗಳು ಹೇಳದ ವಿಷಯಕ್ಕೆ ಬರೋಣ. ಇದಕ್ಕೆ ಇಂಗ್ಲೆಂಡಿನ ಸ್ಟ್ಯಾಫರ್ಡ್ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ನಡೆದುದಕ್ಕಿಂತ ದೊಡ್ಡ ಪಾಠವಿಲ್ಲ. 2005ರಿಂದ 2009ರವರೆಗೆ ಅಲ್ಲಿ ರೋಗಿಗಳು ಮಲಮೂತ್ರದಲ್ಲೇ ಗಂಟೆಗಟ್ಟಲೆ ಬಿದ್ದಿರುತ್ತಿದ್ದರು. ಕುಡಿಯುವ ನೀರು ಕೈಗೆಟುಕದ ದೂರದಲ್ಲಿರುತ್ತಿತ್ತು. ಊಟದ ತಟ್ಟೆಯನ್ನು ಇಟ್ಟು ಹೋಗುತ್ತಿದ್ದರು, ಉಣ್ಣಿಸುವವರಿರಲಿಲ್ಲ, ಮುಟ್ಟದ ತಟ್ಟೆಯನ್ನು ಹಾಗೆಯೇ ಒಯ್ಯುತ್ತಿದ್ದರು. ಇದು ನಡೆದುದು ಬಡ ದೇಶವೊಂದರಲ್ಲಲ್ಲ. ಅಲ್ಲಿದ್ದವರು ತರಬೇತಿ ಪಡೆದು ನೋಂದಾಯಿತರಾದ ನರ್ಸ್‌ಗಳು. ರಾಬರ್ಟ್ ಫ್ರಾನ್ಸಿಸ್ ಅವರ ನೇತೃತ್ವದ ಸಾರ್ವಜನಿಕ ತನಿಖೆಯ ವರದಿ 2013ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ 290 ಶಿಫಾರಸುಗಳಿದ್ದವು. ನಮ್ಮ ಇಂದಿನ ವಿಷಯಕ್ಕೆ ಸಂಬಂಧಿಸಿದವು ಮುಖ್ಯವಾಗಿ ಎರಡು. ನರ್ಸ್ ಆಗಬಯಸುವವರಿಗೆ ಆರೈಕೆ ಮತ್ತು ಅನುಕಂಪದ ಬಗೆಗಿನ ಮನೋಭಾವವನ್ನು ಅಳೆಯುವ ಅಭಿಕ್ಷಮತೆ ಪರೀಕ್ಷೆಯನ್ನು ಪರಿಶೀಲಿಸಬೇಕು ಎಂಬುದು ಒಂದು. ಅವರು ಕನಿಷ್ಠ ಮೂರು ತಿಂಗಳು ನೋಂದಾಯಿತ ನರ್ಸ್‌ನ ಮೇಲ್ವಿಚಾರಣೆಯಲ್ಲಿ ರೋಗಿಗಳ ನೇರ ಆರೈಕೆ ಮಾಡಿರಬೇಕು ಎಂಬುದು ಇನ್ನೊಂದು. ಆ ಬಳಿಕ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳು ಮೌಲ್ಯಾಧಾರಿತ ಆಯ್ಕೆ ಎಂಬ ಪದ್ಧತಿಗೆ ಹೊರಳಿದವು. ಅಂಕಪಟ್ಟಿ ನೋಡಿದ ಮೇಲೆ ಅಭ್ಯರ್ಥಿಯನ್ನು ಮುಖಾಮುಖಿ ಕಂಡು, ಸನ್ನಿವೇಶಗಳನ್ನು ಕೊಟ್ಟು, ಅವನು ಏನು ಮಾಡುತ್ತಾನೆಂದು ನೋಡುವ ಪದ್ಧತಿ. ಆಯ್ಕೆಯಲ್ಲಿ ವಾರ್ಡಿನ ಅನುಭವಿ ನರ್ಸ್‌ಗಳೂ ಚಿಕಿತ್ಸೆ ಪಡೆದವರೂ ಪಾಲ್ಗೊಳ್ಳತೊಡಗಿದರು.

ಆದರೆ ಅದೇ ವರದಿಯ ಇನ್ನೊಂದು ಮುಖವನ್ನು ಇಲ್ಲಿರುವ ಆಡಳಿತಗಾರರು ಓದದೆ ಬಿಡಬಾರದು. ಆ ಆಸ್ಪತ್ರೆಯು ಆರ್ಥಿಕ ಗುರಿಗಳನ್ನು ಮುಟ್ಟಲೆಂದು, ಉನ್ನತ ಆಡಳಿತ ದರ್ಜೆ ಪಡೆಯಲೆಂದು ಸಿಬ್ಬಂದಿಯನ್ನು ಕಡಿತಗೊಳಿಸಿತ್ತು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿ, ಅವಳಲ್ಲಿ ಕರುಣೆಯಿಲ್ಲವೆಂದು ದೂರುವುದು ಯಾವ ನ್ಯಾಯ? ಒಳ್ಳೆಯವರನ್ನು ಆರಿಸಿ ಕೆಟ್ಟ ವ್ಯವಸ್ಥೆಗೆ ತಳ್ಳಿದರೆ ಕೆಲವೇ ವರ್ಷಗಳಲ್ಲಿ ಅವರೂ ಕಲ್ಲಾಗುತ್ತಾರೆ. ಆಯ್ಕೆಯೊಂದೇ ಎಲ್ಲವನ್ನೂ ಸರಿಪಡಿಸುವುದೆಂದು ನಾವು ಹೇಳುತ್ತಿಲ್ಲ. ಆದರೆ ಸಂಪೂರ್ಣವಾಗಿ ನಿಮ್ಮ ಕೈಯಲ್ಲಿರುವುದು ಆಯ್ಕೆ, ಆದ್ದರಿಂದ ನಿಮ್ಮೊಡನೆ ಅದನ್ನೇ ಮಾತನಾಡುತ್ತಿದ್ದೇವೆ.

'ಹಾಗಾದರೆ ಸಂದರ್ಶನ ನಡೆಸೋಣ' ಎಂದು ತಾವು ಹೇಳಬಹುದು. ನಿಲ್ಲಿ. ಸಂದರ್ಶನವೆಂಬ ಪದ ಕೇಳಿದೊಡನೆ ನಮ್ಮ ನಾಡಿನಲ್ಲಿ ನೆನಪಾಗುವುದು ವಶೀಲಿ. ಹೆಸರು ಕೇಳಿ, ಊರು ಕೇಳಿ, ಉಡುಪು ನೋಡಿ ಅಂಕ ಹಾಕುವ ಸಂದರ್ಶನಗಳನ್ನು ಈ ಸಮುದಾಯ ಬೇಕಾದಷ್ಟು ಕಂಡಿದೆ. ದಲಿತರು ಇನ್ನೂ ಹೆಚ್ಚು ಕಂಡಿದ್ದಾರೆ. ಶುಶ್ರೂಷೆಯ ಇತಿಹಾಸದಲ್ಲೇ ಇದಕ್ಕೆ ಉದಾಹರಣೆಯಿದೆ. ಜಮೈಕಾದಲ್ಲಿ ಹುಟ್ಟಿದ ಮೇರಿ ಸೀಕೋಲ್ ಎಂಬ ಮಹಿಳೆ ಕಾಲರಾ ಪೀಡಿತರ ಆರೈಕೆಯಲ್ಲಿ ಅನುಭವ ಪಡೆದಿದ್ದರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ನರ್ಸ್‌ಗಳು ಬೇಕಾಗಿದ್ದಾರೆಂದು ತಿಳಿದು ಲಂಡನ್ನಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲೂ ಅವರನ್ನು ಆರಿಸಲಿಲ್ಲ. ತನ್ನ ಮೈಬಣ್ಣವೇ ಇದಕ್ಕೆ ಕಾರಣವೇ ಎಂಬ ಸಂದೇಹವನ್ನು ಅವರು 1857ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಕೊನೆಗೆ ಸ್ವಂತ ಖರ್ಚಿನಲ್ಲೇ ಕ್ರಿಮಿಯಾಕ್ಕೆ ಹೋದರು, ರಣರಂಗದ ಸಮೀಪ ವಸತಿಗೃಹ ತೆರೆದು ಸೈನಿಕರನ್ನು ನೋಡಿಕೊಂಡರು. ನೂರಾರು ಸೈನಿಕರ ನೆನಪಿನಲ್ಲಿ ಉಳಿದ ಆ ಹೆಣ್ಣುಮಗಳು ಸಂದರ್ಶನದಲ್ಲಿ ಅನುತ್ತೀರ್ಣರಾಗಿದ್ದರು!

ಈ ಅಪಾಯಕ್ಕೆ ಪರಿಹಾರವನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು ಈ ಶತಮಾನದ ಆರಂಭದಲ್ಲಿ ವೈದ್ಯಕೀಯ ಪ್ರವೇಶಕ್ಕಾಗಿ ರೂಪಿಸಿದರು. ಬಳಿಕ ಅದು ನರ್ಸಿಂಗ್‌ಗೂ ಬಂತು. ಒಂದು ದೀರ್ಘ ಸಂದರ್ಶನದ ಬದಲು ಹಲವು ಕಿರು ಸಂದರ್ಶನಗಳು. ಅಭ್ಯರ್ಥಿಯು ಒಂದು ಮೇಜಿನಿಂದ ಮತ್ತೊಂದಕ್ಕೆ ಹೋಗುತ್ತಾನೆ. ಪ್ರತಿ ಮೇಜಿನಲ್ಲಿ ಬೇರೆ ಪರೀಕ್ಷಕ, ಬೇರೆ ಸನ್ನಿವೇಶ, ಕೆಲವೇ ನಿಮಿಷಗಳು. ಒಬ್ಬ ಪರೀಕ್ಷಕನಿಗೆ ಅವನ ಮೇಲೆ ಪ್ರೀತಿ ಅಥವಾ ದ್ವೇಷವಿದ್ದರೂ ಅದು ಒಟ್ಟು ಅಂಕದಲ್ಲಿ ಸಣ್ಣ ಪಾಲಷ್ಟೇ ಆಗುತ್ತದೆ. ಇದಕ್ಕೆ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಆರು ಮೇಜುಗಳು, ಆರು ಮಂದಿ, ಒಂದು ಗಂಟೆ ಗಡಿಯಾರ, ಬಿಗಿಯಾದ ಅಂಕದ ಹಾಳೆ ಸಾಕು. ಪರೀಕ್ಷಕರಿಗೆ ಅಭ್ಯರ್ಥಿಯ ಪಿಯುಸಿ ಅಂಕವಾಗಲಿ, ತಂದೆಯ ಉದ್ಯೋಗವಾಗಲಿ ತಿಳಿದಿರಬಾರದು. ಒಂದು ಮೇಜಿನಲ್ಲಿ, ವೈದ್ಯರು ಇನ್ನೂ ಬಂದಿಲ್ಲವೆಂದು ಕೂಗಾಡುವ ರೋಗಿಯ ಸಂಬಂಧಿಕನಾಗಿ ಒಬ್ಬರು ನಟಿಸಲಿ. ಅಭ್ಯರ್ಥಿ ಅವನ ಮಾತನ್ನು ಕೇಳಿಸಿಕೊಳ್ಳುತ್ತಾಳೋ, ಜಗಳಕ್ಕಿಳಿಯುತ್ತಾಳೋ ನೋಡಿ. ಇನ್ನೊಂದರಲ್ಲಿ, ಓಆರ್‌ಎಸ್ ಪುಡಿಯನ್ನು ಎಷ್ಟು ನೀರಿನಲ್ಲಿ ಕಲಸಿ ಹೇಗೆ ಕುಡಿಸಬೇಕೆಂದು ಓದು ಬರಹ ಬಾರದ ತಾಯಿಗೆ ಅವಳ ಭಾಷೆಯಲ್ಲೇ ವಿವರಿಸಲಿ. ಮತ್ತೊಂದರಲ್ಲಿ, ಗೆಳತಿಯು ಜ್ವರ ನೋಡದೆಯೇ ಚಾರ್ಟಿನಲ್ಲಿ 98.6 ಎಂದು ಬರೆದುದನ್ನು ಕಂಡರೆ ಏನು ಮಾಡುವೆ ಎಂದು ಕೇಳಿ. ಇದಕ್ಕೆ ಕೋಚಿಂಗ್ ಕೇಂದ್ರಗಳು ಸಿದ್ಧ ಉತ್ತರ ಕಲಿಸುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆಂದೇ ನಾವು ಇದಕ್ಕೆ 20ಕ್ಕಿಂತ ಹೆಚ್ಚು ಅಂಕ ಕೇಳುವುದಿಲ್ಲ. ನಿಯಮಾವಳಿಯೂ ಅಷ್ಟನ್ನೇ ಹೇಳಿದೆ.

ಇದನ್ನು ಮಾಡುವ ಅಧಿಕಾರ ತಮಗಿದೆಯೇ? ಇದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗಂತೂ ವಿಶೇಷವಾಗಿ ಇದೆ. 2002ರ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ 11 ನ್ಯಾಯಾಧೀಶರ ಪೀಠವು ನೀಡಿದ ಟಿ.ಎಂ.ಎ. ಪೈ ತೀರ್ಪು ನಮ್ಮ ಕರಾವಳಿಯ ಮಣಿಪಾಲದಿಂದಲೇ ಹೋದ ಪ್ರಕರಣದ್ದು. ಅನುದಾನರಹಿತ ಅಲ್ಪಸಂಖ್ಯಾತ ಸಂಸ್ಥೆಗೆ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಹಕ್ಕಿದೆ, ಆದರೆ ವಿಧಾನವು ನ್ಯಾಯಯುತವೂ ಪಾರದರ್ಶಕವೂ ಅರ್ಹತೆಯನ್ನು ಗೌರವಿಸುವಂತಹದ್ದೂ ಆಗಿರಬೇಕು ಎಂಬುದು ಅದರ ಸಾರ. 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ಪ್ರಕರಣ ಬಂತು, 2005ರಲ್ಲಿ ಇನಾಮ್ದಾರ್ ಪ್ರಕರಣ. ಲಾಭಕೋರತನ ಮತ್ತು ಕ್ಯಾಪಿಟೇಶನ್ ಶುಲ್ಕ ಸಲ್ಲದೆಂದು ನ್ಯಾಯಾಲಯ ಮತ್ತೆ ಸ್ಪಷ್ಟಪಡಿಸಿತು. ನಮ್ಮ ರಾಜ್ಯದಲ್ಲಿ ಕ್ಯಾಪಿಟೇಶನ್ ನಿಷೇಧ ಕಾಯ್ದೆ 1984ರಿಂದಲೇ ಇದೆ. ಇದ್ದೂ ಏನಾಯಿತೆಂದು ನಾವು ವಿವರಿಸಬೇಕಾಗಿಲ್ಲ.

ಈ ಹಕ್ಕನ್ನು ಹಕ್ಕಾಗಿಯೇ ಬಳಸಿದವರೂ ಇದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1946ರಲ್ಲಿ, ದಿಲ್ಲಿಯೊಂದಿಗೆ ದೇಶದಲ್ಲೇ ಮೊದಲಾಗಿ, ನರ್ಸಿಂಗ್ ಪದವಿಯನ್ನು ಆರಂಭಿಸಿದ ಸಂಸ್ಥೆ. ಅಲ್ಲಿ ವೈದ್ಯಕೀಯ ಪದವಿಗೆ ಲಿಖಿತ ಪರೀಕ್ಷೆಯ ಬಳಿಕ ಅಭ್ಯರ್ಥಿಗಳನ್ನು ಕ್ಯಾಂಪಸ್ಸಿಗೆ ಕರೆಸಿ, ಕೆಲವು ದಿನ ಇರಿಸಿಕೊಂಡು, ಗುಂಪಿನಲ್ಲಿ ಅವರು ಹೇಗೆ ನಡೆದುಕೊಳ್ಳುತ್ತಾರೆಂದು ಗಮನಿಸುವ ಕ್ರಮ ದೀರ್ಘಕಾಲ ಇತ್ತು. ನೀಟ್ ಕಡ್ಡಾಯವಾದಾಗ ಅವರು ಎಷ್ಟು ಗಂಭೀರವಾಗಿ ಪ್ರತಿಭಟಿಸಿದರೆಂದರೆ, 2017ರಲ್ಲಿ 100 ಎಂಬಿಬಿಎಸ್ ಸೀಟುಗಳ ಪೈಕಿ ಒಂದನ್ನು ಮಾತ್ರ ತುಂಬಿದರು. 2020ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟು ನೀಟ್ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಅನ್ವಯವೆಂದು ತೀರ್ಪಿತ್ತು. ಅವರ ನಿಲುವನ್ನು ಒಪ್ಪಬಹುದು, ಒಪ್ಪದಿರಬಹುದು. ನಾವು ಕೇಳುವುದಿಷ್ಟೆ: ತಾವು ನಂಬಿದ ಆಯ್ಕೆ ವಿಧಾನಕ್ಕಾಗಿ 99 ಸೀಟುಗಳನ್ನು ಖಾಲಿ ಬಿಡಲು ಸಿದ್ಧವಿರುವ ಆಡಳಿತ ಮಂಡಳಿ ನಮ್ಮಲ್ಲಿ ಎಷ್ಟಿವೆ? ಸಂವಿಧಾನದ 30ನೇ ವಿಧಿಯ ಹೆಸರು ಹೇಳಿ ಪಡೆದ ಆಯ್ಕೆಯ ಹಕ್ಕನ್ನು ನಾವು ಮಾರಾಟದ ಹಕ್ಕಾಗಿ ಮಾಡಿಕೊಂಡಿಲ್ಲವೇ?

ಕೆಲವು ವರ್ಷಗಳ ಹಿಂದೆ ನೆರೆಮನೆಯ ಹುಡುಗಿಯ ಪ್ರವೇಶಾತಿಗಾಗಿ ಅವಳ ತಂದೆಯೊಂದಿಗೆ ನಾವು ಒಂದು ಕಾಲೇಜಿಗೆ ಹೋಗಿದ್ದೆವು. ಹೆಸರು ಬೇಡ. ಮೇಜಿನ ಹಿಂದಿದ್ದವರು ತಂದೆಯನ್ನು ಕೇಳಿದ್ದು ಎರಡು ಪ್ರಶ್ನೆ: 'ಏನು ಕೆಲಸ?', 'ಈಗ ಎಷ್ಟು ಕಟ್ಟುತ್ತೀರಿ?' ಹುಡುಗಿಯನ್ನು ಏನೂ ಕೇಳಲಿಲ್ಲ, ಹೆಸರು ಕೂಡ ಫಾರ್ಮಿನಿಂದಲೇ ಓದಿಕೊಂಡರು. ಹತ್ತು ನಿಮಿಷಗಳಲ್ಲಿ ಅವಳು ನರ್ಸಿಂಗ್ ವಿದ್ಯಾರ್ಥಿನಿಯಾದಳು. ರಕ್ತ ಕಂಡರೆ ಅವಳಿಗೆ ತಲೆ ಸುತ್ತುತ್ತಿತ್ತು. ಎರಡನೇ ವರ್ಷ ಬಿಟ್ಟು ಮನೆಗೆ ಬಂದಳು. ಕಟ್ಟಿದ ಹಣ ಹಿಂದೆ ಬರಲಿಲ್ಲ, ಮೂಲ ಅಂಕಪಟ್ಟಿಗಾಗಿ ಆ ತಂದೆ ನಾಲ್ಕು ಬಾರಿ ಬಸ್ ಹತ್ತಿದರು. ಅದೇ ವರ್ಷ ನಮ್ಮೂರಿನ ಇನ್ನೊಬ್ಬಳು, ಹಾಸಿಗೆ ಹಿಡಿದ ಅಜ್ಜಿಯನ್ನು ಮೂರು ವರ್ಷ ನೋಡಿಕೊಂಡವಳು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಯಾರಿಂದಲೋ ಕೇಳಿ ಕಲಿತು ಹಾಗೆಯೇ ಮಾಡಿದವಳು, ಹಣವಿಲ್ಲದೆ ಬೀಡಿ ಕಟ್ಟಲು ಕುಳಿತಳು. ಆ ಸೀಟು ಯಾರದಾಗಿತ್ತು ಸ್ವಾಮಿ?

ಸರಕಾರದ ಪಾಲನ್ನೂ ಮರೆಯಬಾರದು. ಅರ್ಜಿದಾರರ ಸಾಲಿಗೆ ಬರುವ ಮುನ್ನವೇ ಹಲವರು ಹೊರಬೀಳುತ್ತಾರೆ. 2022ರ ಫೆಬ್ರವರಿಯ ಸಮವಸ್ತ್ರ ಆದೇಶ ಮತ್ತು ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ಬಳಿಕ ಶಿರವಸ್ತ್ರದ ಕಾರಣಕ್ಕೆ ಪಿಯು ತರಗತಿ ತೊರೆದ ವಿಜ್ಞಾನ ವಿದ್ಯಾರ್ಥಿನಿಗೆ ಮರುವರ್ಷದ ನರ್ಸಿಂಗ್ ಅರ್ಜಿ ತುಂಬುವ ಅರ್ಹತೆಯೇ ಇರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ಕೊಟ್ಟರು, ಆದರೆ ಹೋದ ವರ್ಷವನ್ನು ಯಾವ ಪೀಠವೂ ಮರಳಿಸಲಾರದು.

ಆದರೆ ಸರಕಾರವನ್ನು ದೂರಿ ಮನೆಗೆ ಹೋಗುವುದು ಸುಲಭ. ನಮ್ಮದೇ ಮನೆಗಳಲ್ಲಿ 'ರಾತ್ರಿ ಪಾಳಿ ಹೆಣ್ಣಿಗೆ ಸಲ್ಲದು, ಅನ್ಯಪುರುಷರ ಮೈ ಮುಟ್ಟುವ ಕೆಲಸ, ಮದುವೆಗೆ ತೊಂದರೆ' ಎಂಬ ಮಾತುಗಳಿಲ್ಲವೇ? ಹೀಗೆ ಹೇಳುವವರು ಹೆಂಡತಿಯ ಹೆರಿಗೆಗೆ ಆಸ್ಪತ್ರೆಗೆ ಹೋದಾಗ ಮಹಿಳಾ ನರ್ಸೇ ಬೇಕೆಂದು ಹಠ ಹಿಡಿಯುತ್ತಾರೆ. ಆ ನರ್ಸ್ ಯಾರ ಮನೆಯಿಂದ ಬರಬೇಕು? ಧರ್ಮದ ಹೆಸರಿನಲ್ಲಿ ತಡೆಯುವವರಿಗೆ ಧರ್ಮದ ಇತಿಹಾಸವನ್ನೇ ನೆನಪಿಸಬೇಕಾಗುತ್ತದೆ. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಪ್ರವಾದಿಯವರು(ಸ) ಇರಿಸಿದ್ದು ಮದೀನದ ಮಸೀದಿಯಲ್ಲಿದ್ದ ರುಫೈದಾ ಎಂಬ ಮಹಿಳೆಯ ಡೇರೆಯಲ್ಲಿ. ಗಾಯಾಳುಗಳ ಆರೈಕೆಗೆ ಆಕೆ ಹೆಸರಾಗಿದ್ದರು. ಉಮ್ಮು ಅತಿಯ್ಯಾ ಏಳು ಯುದ್ಧಗಳಲ್ಲಿ ರೋಗಿಗಳನ್ನೂ ಗಾಯಾಳುಗಳನ್ನೂ ನೋಡಿಕೊಂಡರೆಂದು ಹದೀಸ್ ಗ್ರಂಥಗಳಲ್ಲಿದೆ. ಮಸೀದಿಯ ಅಂಗಳದಲ್ಲಿ ಸಲ್ಲುತ್ತಿದ್ದುದು ಮೊಹಲ್ಲಾದ ಅಂಗಳದಲ್ಲಿ ಸಲ್ಲದಾದುದು ಹೇಗೆ?

ಗಲ್ಫಿನ ಆಸೆಯ ಬಗ್ಗೆಯೂ ಹೇಳಲೇಬೇಕು. ಹುಡುಗರು ಈಗ ನರ್ಸಿಂಗ್‌ಗೆ ಬರುತ್ತಿದ್ದಾರೆ, ಸಂತೋಷ. ಆದರೆ ವೀಸಾವನ್ನು ಮಾತ್ರ ನೋಡಿ ಬರುವವನಿಗೆ ಆಯ್ಕೆಯ ಹಂತದಲ್ಲೇ ಸತ್ಯ ತಿಳಿಸಬೇಕು. ಅಲ್ಲಿಗೆ ಅನುಭವ ಬೇಕು, ಪರವಾನಗಿ ಪರೀಕ್ಷೆ ಪಾಸಾಗಬೇಕು. ನೇಮಕಾತಿ ಏಜೆಂಟರ ಸುಲಿಗೆ ಎಷ್ಟಿತ್ತೆಂದರೆ, 2015ರಲ್ಲಿ ಕೇಂದ್ರ ಸರಕಾರವು ಗಲ್ಫ್ ಸಹಿತ ಹಲವು ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಆದೇಶಿಸಬೇಕಾಯಿತು. ಇಲ್ಲಿನ ಸಂಬಳವೋ? 2016ರಲ್ಲಿ ಸುಪ್ರೀಮ್ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದಿತು. ಶಿಫಾರಸನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಇಲ್ಲಿರುವ ಕೆಲವರು ಕಾಲೇಜಿನ ಜೊತೆಗೆ ಆಸ್ಪತ್ರೆಯನ್ನೂ ನಡೆಸುತ್ತಿದ್ದೀರಿ. ತಮ್ಮ ಸಂಬಳದ ರಿಜಿಸ್ಟರನ್ನು ಇಂದು ರಾತ್ರಿ ಒಮ್ಮೆ ತೆರೆದು ನೋಡಿ. ಕಡಿಮೆ ಕೂಲಿಯ ವೃತ್ತಿಗೆ ಪ್ರತಿಭಾವಂತರು ಅರ್ಜಿ ಹಾಕುತ್ತಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಹೊಸ ಕಾಲೇಜುಗಳು ಬರುತ್ತಲೇ ಇವೆ. 2023ರ ಕೇಂದ್ರ ಬಜೆಟ್‌ನಲ್ಲಿ 2014ರ ನಂತರ ಆರಂಭವಾದ ವೈದ್ಯಕೀಯ ಕಾಲೇಜುಗಳ ಜೊತೆಗೆ 157 ನರ್ಸಿಂಗ್ ಕಾಲೇಜುಗಳನ್ನು ಘೋಷಿಸಲಾಯಿತು. ಸೀಟು ಹೆಚ್ಚಿದಷ್ಟೂ 'ಯಾರಾದರೂ ಸರಿ, ತುಂಬಿಸಿ' ಎಂಬ ಒತ್ತಡವೂ ಹೆಚ್ಚುತ್ತದೆ.

ಆಡಳಿತ ಮಂಡಳಿಯವರಲ್ಲಿ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಮುಂದಿನ ಪ್ರವೇಶಾತಿಯಲ್ಲಿ ನಿಮ್ಮ ಪಾಲಿನ ಸೀಟುಗಳಿಗೂ ಆ 20 ಅಂಕಗಳ ಅಭಿಕ್ಷಮತೆ ಪರೀಕ್ಷೆ ನಡೆಸಿ. ಪರೀಕ್ಷಕರಲ್ಲಿ ಒಬ್ಬರು ವಾರ್ಡಿನಲ್ಲಿ ಈಗಲೂ ಕೆಲಸ ಮಾಡುತ್ತಿರುವ ಹಿರಿಯ ಸಿಸ್ಟರ್ ಆಗಿರಲಿ, ಒಬ್ಬರು ದೀರ್ಘಕಾಲ ಆಸ್ಪತ್ರೆಯಲ್ಲಿದ್ದು ಬಂದ ರೋಗಿಯಾಗಿರಲಿ. ಶುಲ್ಕ ಪಡೆಯುವ ಮುನ್ನ ಅಭ್ಯರ್ಥಿಯನ್ನು ಮೂರು ದಿನವಾದರೂ ವಾರ್ಡಿನಲ್ಲಿ ನಿಲ್ಲಿಸಿ. ಬೆಡ್‌ಪ್ಯಾನ್ ಎತ್ತುವುದನ್ನು ನೋಡಲಿ, ಗಾಯದ ವಾಸನೆ ತಿಳಿಯಲಿ, ಒಂದು ರಾತ್ರಿ ಎಚ್ಚರವಿರಲಿ. ಆಗದು ಎಂದವಳು ತಲೆಯೆತ್ತಿ ಮನೆಗೆ ಹೋಗಲಿ, ಯಾರೂ ಅವಳನ್ನು ಹೀಯಾಳಿಸದಿರಲಿ. ಅರ್ಧದಲ್ಲಿ ಬಿಡುವವರ ಮೂಲ ದಾಖಲೆಗಳನ್ನು ಒತ್ತೆ ಇಟ್ಟುಕೊಳ್ಳಬೇಡಿ. ಏಜೆಂಟನಿಗೆ ಕೊಡುವ ಕಮಿಷನ್ನಿನ ಮೊತ್ತವನ್ನು ಅರ್ಹ ಬಡ ವಿದ್ಯಾರ್ಥಿಯ ಶುಲ್ಕದಿಂದ ಕಳೆಯಿರಿ. ಇದರಿಂದ ನಿಮಗೆ ನಷ್ಟವಿಲ್ಲ. ಜಮಾಅತ್‌ಗಳ ಪದಾಧಿಕಾರಿಗಳೂ ಇಲ್ಲಿದ್ದೀರಿ. ಸಭಾಂಗಣಕ್ಕೆ ಎಸಿ ಹಾಕಿಸುವುದು ಒಂದು ವರ್ಷ ತಡವಾಗಲಿ, ಮೊಹಲ್ಲಾದಿಂದ ಒಬ್ಬಳನ್ನು ನರ್ಸಿಂಗ್‌ಗೆ ಕಳುಹಿಸಿ. ಅವಳನ್ನು ಆರಿಸುವಾಗಲೂ ಅಧ್ಯಕ್ಷರ ಸಂಬಂಧಿಕಳೇ ಎಂದು ನೋಡಬೇಡಿ.

ಕೊನೆಯದಾಗಿ ಪಟ್ಟಿಯ ವಿಷಯ. ಅಭ್ಯರ್ಥಿಯ ಕ್ರಮಸಂಖ್ಯೆ, ವಿಜ್ಞಾನದ ಅಂಕ, ಅಭಿಕ್ಷಮತೆಯ ಅಂಕ, ಆಯ್ಕೆಯಾದರೇ ಇಲ್ಲವೇ, ಪಡೆದ ಶುಲ್ಕವೆಷ್ಟು, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಾಲೇಜಿನ ಗೇಟಿನ ಬಳಿ ಅಂಟಿಸಿ. ಅದರ ಒಂದು ಪ್ರತಿಯನ್ನು ನಮ್ಮ ಪತ್ರಿಕೆಗೂ ಕಳುಹಿಸಿಕೊಡಿ. ಜಾಹೀರಾತಿನ ದರ ಪಡೆಯದೆ ಅದನ್ನು ಪೂರ್ಣವಾಗಿ ಪ್ರಕಟಿಸುವ ವ್ಯವಸ್ಥೆಯನ್ನು ನಾವು ಮಾಡುತ್ತೇವೆ. ಯಾವ ಕಾಲೇಜಿನ ಪಟ್ಟಿ ಬಂದಿದೆ, ಯಾವುದರದು ಬಂದಿಲ್ಲ ಎಂಬುದನ್ನು ಆಗಸ್ಟ್ ತಿಂಗಳ ಮೊದಲ ಸಂಚಿಕೆಯಲ್ಲಿ ಓದುಗರು ನೋಡಲಿ.